ಎಡಗಡೆಯ ಮುಖ

ಮೆಜೆಸ್ಟಿಕ್ ಅಂದರೆ ನನಗೆ ಬಸ್ಸು ತಪ್ಪಿಹೋಗುವ ಜಾಗ.
ಇಲ್ಲಿ ಬಸ್ಸೇ ಇಲ್ಲ.
ನೆಬ್ರಾಸ್ಕಾದ ಈ ಊರಿಗೆ ಇರುವುದೊಂದು ಬೀದಿ,
ಕಾಳು ತುಂಬುವ ಎರಡು ಗೋಪುರ,
ಹಳದಿಯನ್ನಷ್ಟೇ ಮಿಣುಕಿಸುವ ಒಂದು ಸಿಗ್ನಲ್ಲು,
ನನ್ನ ಹಲ್ಲಿನ ಕ್ಲಿನಿಕ್ಕು, ಅದಕ್ಕೆದುರಾಗಿ
ಮೂವತ್ತೊಂದು ವರ್ಷ ಬೀಗ ಜಡಿದಿದ್ದ ಮೆಜೆಸ್ಟಿಕ್ ಥಿಯೇಟರು.

ರೋಗಿಗೆ ಬಾಯಿ ತೆರೆಯೆಂದಾಗಲೆಲ್ಲ
ಕಿಟಕಿಯಾಚೆ ಅದರ ಬಾಯಿ ಕಾಣುತ್ತಿತ್ತು.
ಬೋರ್ಡಿನಲ್ಲಿ ಉದುರದೆ ಉಳಿದ ನಾಲ್ಕು ಅಕ್ಷರ,
ಒಳಗೆ ಪಾರಿವಾಳ.

ಲುಡ್ಮಿಲಾ ವೊಂದ್ರಾಚೆಕ್, ಎಂಬತ್ತೊಂಬತ್ತು,
ತುಟಿ ಜೋಮು ಹಿಡಿಯುವಷ್ಟರಲ್ಲಿ
ಕಥೆ ಮುಗಿಸುವ ಅವಸರ ಅವಳಿಗೆ:
ಅಪ್ಪ ಹಗಲು ಕಿಟಕಿಗಳಿಗೆ ಗಾಜು ಕೂರಿಸುವವನು,
ರಾತ್ರಿ ಇಲ್ಲಿ ರೀಲು ತಿರುಗಿಸುವವನು.
ಮಂಗಳವಾರ ಟಿಕೆಟ್ಟಿಗೊಂದು ಪಿಂಗಾಣಿ ತಟ್ಟೆ;
ಊರಿನ ಅಡುಗೆಮನೆಗಳಲ್ಲೆಲ್ಲ ಅದೇ ನೀಲಿ ಹೂವು.
ಪರದೆಯ ಮೇಲೆ ಯಾರೋ ಸಾಯುವ ಹೊತ್ತಿಗೆ
ಯಾರದೋ ಮಡಿಲಿಂದ ತಟ್ಟೆ ಜಾರಿ ಫಳಾರನೆ ಒಡೆದರೆ
ಇಡೀ ಹಾಲು ನಗುತ್ತಿತ್ತಂತೆ, ಸತ್ತವನನ್ನು ಬಿಟ್ಟು.
ಆಮೇಲೆ ಅವಳ ಮಾತು
ಒಂದು ಮಗ್ಗುಲಿಗೆ ಸೋರಿಹೋಗುತ್ತಿತ್ತು.

ಛಾವಣಿಗೆ ಹಣ ಕೂಡಿದ ವರ್ಷ ಸ್ಟೂಕನ್‌ಹೋಲ್ಟ್ಸ್ ಬಂದ,
ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿದವನು,
ಈಗ ಸಮಿತಿಯ ಅಧ್ಯಕ್ಷ.
"ಡಾಕ್ಟ್ರೇ, ನಿಮ್ಮ ಹತ್ತಿರ ಸಣ್ಣ ಸಣ್ಣ ಹತಾರ ಇವೆಯಲ್ಲ," ಅಂದ.

ರಂಗದ ನೆತ್ತಿಯ ಮೇಲೆ ಗಾರೆಯ ಎರಡು ಮುಖ.
ಬಲಗಡೆಯದು ನಗುತ್ತದೆ, ಎಡಗಡೆಯದು ಅಳುತ್ತದೆ.
ಏಳು ಭಾನುವಾರ, ಅಟ್ಟಣಿಗೆಯ ಮೇಲೆ ಅಂಗಾತ,
ಈ ಸಲ ನಾನೇ ರೋಗಿಯ ಭಂಗಿಯಲ್ಲಿ,
ಹಲ್ಲಿನ ಕಿಟ್ಟ ಕೆರೆಯುವ ಕೊಕ್ಕೆಯಿಂದ ಬಣ್ಣ ಕೆರೆದೆ.
ಹಸಿರು, ಕಂದು, ಮತ್ತೆ ಹಸಿರು, ಯುದ್ಧಕಾಲದ ಬೂದಿ,
ಸಿಗರೇಟಿನ ಹೊಗೆಯದೇ ಒಂದು ಪದರ,
ಅದರಡಿ ಚಿನ್ನ.
ನಗುವವನ ಮೇಲಿನ ಸಾಲಿನ ಎರಡು ಹಲ್ಲು ಮುರಿದಿದ್ದವು,
ಕಟ್ಟಿಕೊಟ್ಟೆ. ಬಿಲ್ಲು ಹಾಕಲಿಲ್ಲ.

ಎಡಗಡೆಯ ಮುಖದ ತುಟಿಯಂಚಿಗೆ ಬಂದಾಗ
ಕೊಕ್ಕೆ ಮೆತ್ತಗೆ ಇಳಿಯಿತು. ಗಾರೆಯಲ್ಲ ಅದು,
ಕಿಟಕಿಗೆ ಹಾಕುವ ಪುಟ್ಟಿ.
ಕೆರೆದಷ್ಟೂ ತುಟಿ ಮೇಲಕ್ಕೇರಿತು.
ಅದರ ಕೆಳಗೆ ಅವನೂ ನಗುತ್ತಿದ್ದ.

ಯಾರೋ ಒಂದು ದಿನ ಏಣಿ ಹತ್ತಿ
ಈ ನಗುವನ್ನು ಬಗ್ಗಿಸಿದ್ದಾರೆ.
ಪುಟ್ಟಿಯಲ್ಲಿ ಹೆಬ್ಬೆರಳ ಗುರುತು ಇನ್ನೂ ಇದೆ.
ಲುಡ್ಮಿಲಾಳನ್ನು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು.
"ಬ್ಯಾಂಕು ಮುಳುಗಿದ ವರ್ಷ ಇರಬಹುದು. ನಾನಿನ್ನೂ ಹುಟ್ಟಿರಲಿಲ್ಲ.
ಅಪ್ಪನೇ ಇರಬಹುದು. ಅಲ್ಲದೆಯೂ ಇರಬಹುದು."

ಚರ್ಚಿನ ನೆಲಮಾಳಿಗೆಯಲ್ಲಿ ಮೂರು ಗಂಟೆ ಸಭೆ, ನೀರು ಕಾಫಿ.
ಮೂಲರೂಪಕ್ಕೆ ತರಬೇಕೆಂದು ಅನುದಾನದ ಕಾಗದ ಹೇಳುತ್ತದೆ.
ಮೂಲ ಯಾವುದು, ಕಟ್ಟಿದವನದೋ, ಏಣಿ ಹತ್ತಿದವನದೋ?
ಇಬ್ಬರೂ ನಕ್ಕರೆ ನಾಟಕವೆಲ್ಲಿ ಅಂದ ಒಬ್ಬ.
ಇಬ್ಬರಲ್ಲೊಬ್ಬ ಅಳಲೇಬೇಕೆಂದು ಯಾರು ಹೇಳಿದ್ದು,
ಅಂದಳು ಅಂಚೆಯವಳು.
ಕೊನೆಗೆ ನನ್ನತ್ತ ತಿರುಗಿದರು.
ನೋಯದ ಹಲ್ಲನ್ನು ಕೀಳಬಾರದು ಅಂದೆ.
ನೋಯುತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಕೆರೆದದ್ದು ಕೆರೆದ ಹಾಗೆ, ಉಳಿದದ್ದು ಉಳಿದ ಹಾಗೆ.

ಮೊದಲ ಆಟದ ರಾತ್ರಿ ದೀಪ ಆರುವ ಮುಂಚೆ ತಲೆಯೆತ್ತಿದೆ.
ಒಂದು ತುಟಿಯಂಚು ಮೇಲೆ, ಇನ್ನೊಂದು ಕೆಳಗೆ,
ನನ್ನ ಕುರ್ಚಿಯಿಂದ ಈಗಷ್ಟೇ ಎದ್ದವರ ಹಾಗೆ.
ಮಡಿಲಲ್ಲಿ ನೀಲಿ ಹೂವಿನ ತಟ್ಟೆ ಹಿಡಿದ ಲುಡ್ಮಿಲಾ
ನನ್ನ ತೋಳು ಚಿವುಟಿ ಕೇಳಿದಳು,
"ಅವನಿಗೇನಾಗಿದೆ?"

ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಜೋಮು, ಇಳಿಯುತ್ತದೆ.
ಅಲ್ಲಿಯವರೆಗೆ ಬಿಸಿಯಾದದ್ದೇನೂ ಬೇಡ.